ಬಸ್ಸು ಹೋಗುವ ದಾರಿಯಲ್ಲಿ ಲಾರಿಯೂ ಹೋಗುತ್ತದಾ?

ಓದುಗರ ಪ್ರಶ್ನೆ: "ಸರ್, ನಾನು ಬ್ರಹ್ಮಾವರ ಕಡೆಯವನು. ವಯಸ್ಸು 29. ಆರು ವರ್ಷ ಟೆಂಪೋ ಓಡಿಸಿದ್ದೇನೆ, ಉಡುಪಿ, ಮಂಗಳೂರಿನ ಒಳರಸ್ತೆ ಎಲ್ಲ ಗೊತ್ತು. ನಾಲ್ಕು ತಿಂಗಳಿಂದ ಹತ್ತು ಚಕ್ರದ ಲಾರಿಯಲ್ಲಿದ್ದೇನೆ. ಹೋದ ತಿಂಗಳು ಬೈಕಂಪಾಡಿಯಿಂದ ತೀರ್ಥಹಳ್ಳಿಗೆ ಲೋಡು ಇತ್ತು. ಫೋನಿನ ಮ್ಯಾಪ್ ಹೆಬ್ರಿ, ಆಗುಂಬೆ ಮೇಲೆ ತೋರಿಸಿತು. ಬಸ್ಸು ಹೋಗುತ್ತದಲ್ಲ ಅಂತ ಹೊರಟೆ. ಸೋಮೇಶ್ವರದಲ್ಲಿ ತಡೆದು ವಾಪಸ್ ಕಳಿಸಿದರು. ಆ ಡೀಸೆಲ್ ದುಡ್ಡನ್ನು ಮಾಲೀಕರು ನನ್ನ ಬಾಟಾದಲ್ಲಿ (ಟ್ರಿಪ್ಪಿನ ಭತ್ಯೆಯಲ್ಲಿ) ಹಿಡಿದರು. ಅದಾಗಿ ಹದಿನೈದು ದಿನಕ್ಕೆ ಕಾರ್ಕಳದ ಹತ್ತಿರ ಒಂದು ಗೋದಾಮಿಗೆ ಹೋಗುವಾಗ ರಿಕ್ಷಾದವರಲ್ಲಿ ದಾರಿ ಕೇಳಿದೆ. 'ಹೋಗ್ತದೆ, ಹೋಗ್ತದೆ' ಅಂದರು. ಒಂದೂವರೆ ಕಿಲೋಮೀಟರ್ ಒಳಗೆ ಹೋದ ಮೇಲೆ ಕರೆಂಟ್ ವಯರು ಅಡ್ಡ. ರಾತ್ರಿ ಹನ್ನೊಂದು ಗಂಟೆಗೆ ಅಷ್ಟೂ ದೂರ ರಿವರ್ಸ್ ಬಂದೆ. ಹಳೆ ಡ್ರೈವರುಗಳು ಮ್ಯಾಪ್ ಕಟ್ಟಿಡು ಅನ್ನುತ್ತಾರೆ. ಮಾಲೀಕರ ಮಗ ಲಾರಿಗಂತಲೇ ಇರುವ ಆಪ್ ಹಾಕಿಸು ಅನ್ನುತ್ತಾನೆ. ಯಾರನ್ನು ನಂಬಲಿ? ನನಗೆ ದಾರಿಯ ತಲೆಯೇ ಇಲ್ಲವಾ? ಪುನಃ ಟೆಂಪೋಗೆ ಹೋಗುವುದೇ ಒಳ್ಳೆಯದಾ?"

ಮೊದಲಿಗೆ ಕೊನೆಯ ಪ್ರಶ್ನೆ. ಟೆಂಪೋಗೆ ವಾಪಸ್ ಹೋಗಬೇಡಿ ಮಾರಾಯ್ರೆ. ಕತ್ತಲಲ್ಲಿ ಒಂದೂವರೆ ಕಿಲೋಮೀಟರ್ ಹತ್ತು ಚಕ್ರವನ್ನು ರಿವರ್ಸ್ ತಂದು, ವಯರೂ ಹರಿಯದೆ, ಗಾಡಿಯೂ ಚರಂಡಿಗೆ ಇಳಿಯದೆ ಹೊರಗೆ ಬಂದಿದ್ದೀರಿ. ನನ್ನ ಯಾರ್ಡಿನಲ್ಲಿ ಹತ್ತು ವರ್ಷ ಅನುಭವ ಇರುವ ಕೆಲವರಿಗೂ ಅದು ಆಗಲಿಕ್ಕಿಲ್ಲ. ನಾನು ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವನು. ಈಗ ಒಂಬತ್ತು ವರ್ಷದಿಂದ ಪಣಂಬೂರು ಹತ್ತಿರ ಕೂತು ಬೇರೆಯವರ ಗಾಡಿಗೆ ರೂಟು ಹಾಕುವ ಕೆಲಸ. ದಿನಕ್ಕೆ ಎರಡಾದರೂ ಫೋನು ಬರುತ್ತದೆ, "ಅಣ್ಣಾ, ಸಿಕ್ಕಿಬಿದ್ದೆ" ಅಂತ. ನಿಮ್ಮದು ಹೊಸ ಕತೆ ಏನಲ್ಲ.

ನಿಮ್ಮ ಎರಡೂ ಘಟನೆಯಲ್ಲಿ ನನಗೆ ಕಂಡದ್ದು ಒಂದೇ. ನೀವು ಟೆಂಪೋದವರ ಪ್ರಶ್ನೆ ಇಟ್ಟುಕೊಂಡು ಲಾರಿ ಓಡಿಸುತ್ತಿದ್ದೀರಿ. ಟೆಂಪೋದಲ್ಲಿ "ಆ ಊರು ಯಾವ ಕಡೆ?" ಅಂತ ಕೇಳಿದರೆ ಸಾಕಿತ್ತು, ಯಾಕೆಂದರೆ ಎಲ್ಲ ದಾರಿಯೂ ನಿಮ್ಮದೇ. ಈಗ ಕೇಳಬೇಕಾದ್ದು ಬೇರೆ: ನನ್ನ ಗಾಡಿ ಅಲ್ಲಿಗೆ ಹೋಗುತ್ತದಾ, ಹೋದರೆ ತಿರುಗುತ್ತದಾ, ಖಾಲಿಯಾಗಿ ವಾಪಸ್ ಬರುತ್ತದಾ. ಈ ಪ್ರಶ್ನೆಯನ್ನು ಮ್ಯಾಪಿಗೆ ಕೇಳಲು ಆಗುವುದಿಲ್ಲ. ಮನುಷ್ಯರಿಗೆ ಕೇಳಬಹುದು, ಆದರೆ ಕೇಳುವ ಕ್ರಮ ಉಂಟು.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕರಾವಳಿಯಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಉಂಟು, ಬಸ್ಸು ಹೋದ ಮೇಲೆ ಲಾರಿ ಹೋಗಲಿಕ್ಕೇನು ಅಂತ. ಇಲ್ಲಿ ಗುಡ್ಡದ ನೆತ್ತಿಗೂ ಬಸ್ಸು ಹೋಗುತ್ತದೆ, ಅಂಗಳದ ಬದಿಯಲ್ಲೇ ತಿರುಗಿಸುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಜನ ತುಂಬಿದ ದೊಡ್ಡ ಬಸ್ಸು ಹದಿನಾರು ಟನ್ ಆಸುಪಾಸು. ನಿಮ್ಮ ಹತ್ತು ಚಕ್ರ ಲೋಡಾದರೆ 28 ಟನ್. ಬಸ್ಸಿನ ಎತ್ತರ ಮೂರೂಕಾಲು ಮೀಟರ್ ಹತ್ತಿರ, ಲೋಡು ಲಾರಿಗೆ ನಿಯಮದಲ್ಲೇ 4 ಮೀಟರ್‌ವರೆಗೆ ಬಿಟ್ಟಿದ್ದಾರೆ (2020ಕ್ಕಿಂತ ಮೊದಲು 3.8 ಇತ್ತು). ಮತ್ತೆ ಆಗುಂಬೆಗೆ ಓಡುವುದು ಮಿನಿ ಬಸ್ಸು. ಅಲ್ಲಿ 14 ಹೇರ್‌ಪಿನ್ ತಿರುವು. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕಡಿದುಕೊಂಡು ಬರುತ್ತದೆ. ಗಾಡಿ ಉದ್ದವಾದಷ್ಟೂ ಜಾಸ್ತಿ ಕಡಿಯುತ್ತದೆ. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ಕೂತು ಮುಂದಿನ ಚಕ್ರ ಹಗುರ ಆಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ಬೇಕಾದಷ್ಟು ತಿರುಗುವುದಿಲ್ಲ. ಅರ್ಧ ತಿರುವಿನಲ್ಲಿ ನಿಂತರೆ ಹಿಂದೆ ಬರಬೇಕು, ಹಿಂದೆ ಐವತ್ತು ಕಾರು. ಸೋಮೇಶ್ವರದಲ್ಲಿ ನಿಮ್ಮನ್ನು ತಡೆದವರು ಉಪಕಾರವನ್ನೇ ಮಾಡಿದ್ದಾರೆ.

ಸೋಮೇಶ್ವರ ಅಂದಾಗ ನೆನಪಾಯಿತು. ಹೆಬ್ರಿ ಹತ್ತಿರ ಒಂದು ಸೋಮೇಶ್ವರ, ಉಳ್ಳಾಲದ ಹತ್ತಿರ ಇನ್ನೊಂದು. ಹೊಸಂಗಡಿ ಕುಂದಾಪುರ ತಾಲೂಕಿನ ಘಾಟಿ ಬುಡದಲ್ಲೂ ಉಂಟು, ಮಂಜೇಶ್ವರದ ಹತ್ತಿರವೂ ಉಂಟು. ಸಿದ್ದಾಪುರ ಅಂತೂ ಕುಂದಾಪುರದ್ದು, ಉತ್ತರ ಕನ್ನಡದ್ದು, ಕೊಡಗಿನದ್ದು ಅಂತ ಮೂರು. ಬಿಲ್ಟಿಯಲ್ಲಿ (ಮಾಲಿನ ಜೊತೆ ಕೊಡುವ ಲಾರಿ ರಶೀದಿಯಲ್ಲಿ) ಬರೀ ಊರ ಹೆಸರಿದ್ದರೆ ಗಾಡಿ ಕದಲಿಸಬೇಡಿ. ತಾಲೂಕು, ಪಿನ್‌ಕೋಡು, ಮಾಲು ಇಳಿಸಿಕೊಳ್ಳುವವರ ಫೋನು ನಂಬರು, ಮೂರೂ ಬೇಕು. ಮೂರು ನಿಮಿಷದ ಕೆಲಸ.

ಈಗ ಮ್ಯಾಪು. ಕಟ್ಟಿಡು ಅನ್ನುವ ಹಿರಿಯರ ಮಾತು ಅರ್ಧ ಸರಿ. ನಮ್ಮೆಲ್ಲರ ಫೋನಿನಲ್ಲಿ ಇರುವ ಮ್ಯಾಪಿಗೆ ಕಾರು ಗೊತ್ತು, ಬೈಕು ಗೊತ್ತು, ಲಾರಿ ಅಂತ ಒಂದು ಇದೆ ಅಂತಲೇ ಗೊತ್ತಿಲ್ಲ. ನಿಮ್ಮ ಎತ್ತರ, ತೂಕ, ಉದ್ದ ಅದಕ್ಕೆ ಹೇಳಲು ಜಾಗವೇ ಇಲ್ಲ. ಕಡಿಮೆ ಹೊತ್ತಿನ ದಾರಿ ಯಾವುದು ಅಂತ ಹುಡುಕಿ ಕೊಡುತ್ತದೆ, ಅದು ಕಾರಿನ ಹೊತ್ತು. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ರಸ್ತೆ ಮೇಲೆ ಕೆಂಪು, ಹಸಿರು ಗೆರೆ ಬರುವುದು ಆ ರಸ್ತೆಯಲ್ಲಿ ಓಡುತ್ತಿರುವ ಫೋನುಗಳಿಂದ. ಘಾಟಿಯ ಒಳಗೆ ಸಿಗ್ನಲ್ ಇಲ್ಲದ ಕಡೆ ನೂರು ಲಾರಿ ನಿಂತಿದ್ದರೂ ಮ್ಯಾಪಿಗೆ ಕಾಣುವುದು ಕಷ್ಟ. ನೆಟ್ ಇಲ್ಲದೆ ಆಫ್‌ಲೈನ್ ಮ್ಯಾಪ್ ಹಾಕಿಕೊಂಡಿದ್ದರೆ ಟ್ರಾಫಿಕ್ ಅಂತೂ ತೋರಿಸುವುದೇ ಇಲ್ಲ. ಹಾಗಾಗಿ ಶಿರಾಡಿ ಘಾಟಿಯ ಬುಡದ ಗುಂಡ್ಯದ ಮೇಲೆ ಹಸಿರು ಕಂಡರೆ ಖುಷಿಪಡಬೇಡಿ.

ಹಾಗಂತ ಕಟ್ಟಿಡಬೇಕಾಗಿಲ್ಲ. ನಾನು ಇವತ್ತಿಗೂ ದಿನವಿಡೀ ಮ್ಯಾಪ್ ನೋಡುತ್ತೇನೆ, ಆದರೆ ದಾರಿ ಹೇಳಿಸಿಕೊಳ್ಳಲು ಅಲ್ಲ. ದಾರಿ ನಾನೇ ಹಾಕುತ್ತೇನೆ. ನಡುವೆ ನಾಲ್ಕೈದು ಊರನ್ನು ನಾನೇ ಕೊಟ್ಟು ಹೈವೇ ಬಿಡದ ಹಾಗೆ ಕಟ್ಟಿ ಹಾಕುತ್ತೇನೆ. ಬೆಂಗಳೂರಿಗಾದರೆ ಬಿ.ಸಿ.ರೋಡ್, ಉಪ್ಪಿನಂಗಡಿ, ಸಕಲೇಶಪುರ, ಹಾಸನ ಅಂತ. ಇಲ್ಲದಿದ್ದರೆ ಎಲ್ಲಾದರೂ ಐದು ನಿಮಿಷ ಉಳಿಯುತ್ತದೆ ಅಂತ ತೋಟದ ನಡುವಿನ ಪಂಚಾಯತ್ ರಸ್ತೆಗೆ ಇಳಿಸಿಬಿಡುತ್ತದೆ. ಆಮೇಲೆ ಉಪಗ್ರಹದ ಚಿತ್ರ ಹಾಕಿಕೊಂಡು ಕೊನೆಯ ಎರಡು ಕಿಲೋಮೀಟರನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡುತ್ತೇನೆ. ರಸ್ತೆ ಮೇಲೆ ಮರದ ಹಸಿರು ಎರಡೂ ಬದಿಯಿಂದ ಕೂಡಿಕೊಂಡಿದ್ದರೆ ಅಲ್ಲಿ ಕೊಂಬೆ, ವಯರು ಉಂಟು ಅಂತಲೇ ಅರ್ಥ. ಗೋದಾಮಿನ ಎದುರು ಬೋಳು ಅಂಗಳ ಕಂಡರೆ ತಿರುಗಿಸಲು ಜಾಗ ಉಂಟು. ನಿಮ್ಮ ಕಾರ್ಕಳದ ಗೋದಾಮನ್ನು ಹೀಗೆ ನೋಡಿದ್ದರೆ ಬಹುಶಃ ಒಳಗೆ ಹೋಗುತ್ತಿರಲಿಲ್ಲ.

ಹೊತ್ತಿನ ಲೆಕ್ಕವನ್ನೂ ಮ್ಯಾಪಿನಿಂದ ತೆಗೆದುಕೊಳ್ಳಬೇಡಿ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಏಳು ಏಳೂವರೆ ಗಂಟೆ ಅನ್ನುತ್ತದೆ. ಲೋಡು ಗಾಡಿಗೆ ನಾನು ಹನ್ನೆರಡು ಗಂಟೆ ಹಿಡಿಯುತ್ತೇನೆ, ಮಳೆಗಾಲದಲ್ಲಿ ಅದಕ್ಕೂ ಜಾಸ್ತಿ. ಡ್ರೈವರ್ ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಅಂತ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ಇತ್ತು. ಯಾರು ಕೊಡುತ್ತಾರೆ ಅಂತ ಕೇಳಬೇಡಿ, ನೀವೇ ತೆಗೆದುಕೊಳ್ಳಬೇಕು. ಇ-ವೇ ಬಿಲ್ಲಿನ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿ ಚೀಟಿಯ) ಅವಧಿಯ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. 2021ರಿಂದ 200 ಕಿ.ಮೀ.ಗೆ ಒಂದು ದಿನ ಅಂತ ಮಾಡಿದ್ದಾರೆ, ಮೊದಲು 100 ಕಿ.ಮೀ. ಇತ್ತು. ಅಂದರೆ ಬೆಂಗಳೂರಿಗೆ ಎರಡು ದಿನ. ಘಾಟಿ ಬಂದ್ ಆಗಿ ಸುತ್ತಿಕೊಂಡು ಹೋಗಬೇಕಾದರೆ ಈ ದಿನ ಸಾಲದೆ ಬರಬಹುದು. ಅವಧಿ ಮುಗಿಯುವ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯ ಒಳಗೆ ಮಾತ್ರ ವಿಸ್ತರಿಸಬಹುದು. ಹಾಗಾಗಿ ಗಾಡಿ ನಿಂತ ಕೂಡಲೇ ಆಫೀಸಿಗೆ ಫೋನು ಹಾಕಿ. ನಾಳೆ ಬೆಳಿಗ್ಗೆ ಹೇಳಿದರಾಯಿತು ಅಂತ ಮಲಗಬೇಡಿ.

ಮನುಷ್ಯರಲ್ಲಿ ದಾರಿ ಕೇಳುವ ಸಂಗತಿಗೆ ಬರೋಣ. ನನ್ನ ಮಟ್ಟಿಗೆ ಇದೇ ಮುಖ್ಯ. ರಿಕ್ಷಾದವರು ನಿಮಗೆ ಸುಳ್ಳು ಹೇಳಲಿಲ್ಲ. ಅವರ ಕಣ್ಣಿನಲ್ಲಿ ರಸ್ತೆ ಅಂದರೆ ರಿಕ್ಷಾದ ಅಗಲ. ತಲೆ ಮೇಲಿನ ವಯರನ್ನು ಅವರು ಜನ್ಮದಲ್ಲಿ ನೋಡಿದವರಲ್ಲ, ನೋಡುವ ಅಗತ್ಯವೂ ಇಲ್ಲ. ಮತ್ತೆ ನಮ್ಮ ಊರಿನವರಿಗೆ "ಗೊತ್ತಿಲ್ಲ" ಅಂತ ಹೇಳಲು ಒಂಥರಾ ಸಂಕೋಚ. ದೂರದಿಂದ ಬಂದವನು, ಪಾಪ, ಆಸೆಯಿಂದ ಕೇಳುತ್ತಿದ್ದಾನೆ, "ಹೋಗ್ತದೆ" ಅಂದರೆ ಅವನಿಗೂ ಸಮಾಧಾನ. ನೀವು ತುಳುವಿನಲ್ಲಿ "ಲಾರಿ ಪೋಪುಂಡಾ?" (ಹೋಗ್ತದಾ) ಅಂತ ಕೇಳಿದರೆ "ಪೋಪುಂಡು" ಅಂತಲೇ ಉತ್ತರ ಬರುವುದು. ಹೌದು ಅನ್ನಬಹುದಾದ ಪ್ರಶ್ನೆ ಕೇಳಿದರೆ ಹೌದು ಅಂತಲೇ ಸಿಗುತ್ತದೆ.

ಬದಲಿಗೆ ಹೀಗೆ ಕೇಳಿ. "ಈ ರಸ್ತೆಯಲ್ಲಿ ಹತ್ತು ಚಕ್ರದ ಗಾಡಿ ಕೊನೆಗೆ ಯಾವಾಗ ನೋಡಿದಿರಿ?" "ಅದು ಏನು ಲೋಡು ತಂದಿತ್ತು?" "ಎಲ್ಲಿ ತಿರುಗಿಸಿತು?" ಇದಕ್ಕೆ ಹೌದು, ಇಲ್ಲ ಅಂತ ಹೇಳಲು ಬರುವುದಿಲ್ಲ, ನೆನಪು ಮಾಡಿಕೊಳ್ಳಲೇಬೇಕು. "ಹೋದ ವಾರ ಜಲ್ಲಿ ಲಾರಿ ಬಂದಿತ್ತು, ಶಾಲೆ ಹತ್ತಿರ ತಿರುಗಿಸಿತು" ಅಂದರೆ ಅದು ಮಾಹಿತಿ. ಆದರೆ ಜಲ್ಲಿ ಲಾರಿ ಬಹುತೇಕ ಆರು ಚಕ್ರದ ಟಿಪ್ಪರ್, ಗಿಡ್ಡ ಗಾಡಿ, ಅದಕ್ಕೆ ಸಾಕಾದ ತಿರುವು ನಿಮಗೆ ಸಾಲುವುದಿಲ್ಲ. ತಲೆ ಕೆರೆದುಕೊಂಡು "ಲಾರಿ... ಬರ್ತದಪ್ಪ" ಅಂದರೆ ಅಲ್ಲಿಗೇ ನಿಲ್ಲಿಸಿ, ಇಳಿದು ನಡೆದುಕೊಂಡು ನೋಡಿ ಬನ್ನಿ. ಕ್ಲೀನರ್ ಇದ್ದರೆ ಅದೇ ರಿಕ್ಷಾದಲ್ಲಿ ಕಳಿಸಿ. ಐವತ್ತು ರೂಪಾಯಿ ಬಾಡಿಗೆಯಲ್ಲಿ ನಿಮ್ಮ ರಾತ್ರಿ ಉಳಿಯುತ್ತದೆ.

ಯಾರನ್ನು ಕೇಳುವುದು? ಎಲ್ಲರಿಗಿಂತ ಮೊದಲು ಎದುರಿನಿಂದ ಬರುವ ನಿಮ್ಮದೇ ಅಳತೆಯ ಗಾಡಿಯವರನ್ನು. ಅವರು ಈಗಷ್ಟೇ ಆ ರಸ್ತೆ ಮುಗಿಸಿ ಬಂದವರು, ಅದಕ್ಕಿಂತ ತಾಜಾ ಸುದ್ದಿ ಇಲ್ಲ. ಆಮೇಲೆ ಪಂಚರ್ ಅಂಗಡಿ. ಯಾವ ರಸ್ತೆಯಲ್ಲಿ ಯಾವ ಗಾಡಿಯ ಟಯರು ಹೋಗುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆಮೇಲೆ ರೇಷನ್ ಅಕ್ಕಿ ಹಾಕುವ ಲಾರಿಯವರು, ಹಳ್ಳಿಹಳ್ಳಿಯ ಸೊಸೈಟಿಗೆ ಹೋಗುವವರು ಅವರೇ ಅಲ್ವಾ. ಬಸ್ಸಿನ ಕಂಡಕ್ಟರ್‌ಗಳಿಗೆ ಎಲ್ಲಿ ರಸ್ತೆ ಅಗೆದಿದ್ದಾರೆ, ಎಲ್ಲಿ ಜಾತ್ರೆ, ಎಲ್ಲಿ ಬಂದ್ ಅಂತ ಗೊತ್ತಿರುತ್ತದೆ, ಅಷ್ಟಕ್ಕೆ ಮಾತ್ರ ಕೇಳಿ. ರಿಕ್ಷಾ ಪಾರ್ಕಿನಲ್ಲಿ ಜಾಗ ಯಾವ ಕಡೆ ಅಂತ ಧಾರಾಳ ಕೇಳಬಹುದು. ಗಾಡಿ ಹೋಗುತ್ತದಾ ಅಂತ ಕೇಳಬೇಡಿ.

ಎಲ್ಲರಿಗಿಂತ ದೊಡ್ಡ ಆಧಾರ ಅಂದರೆ ಮಾಲು ಇಳಿಸಿಕೊಳ್ಳುವ ಪಾರ್ಟಿ. ಲೋಡು ಆಗುವ ಮೊದಲೇ ಫೋನು ಮಾಡಿ, ನಿಮ್ಮಲ್ಲಿಗೆ ಬಂದ ದೊಡ್ಡ ಗಾಡಿ ಯಾವುದು, ಅದರ ಡ್ರೈವರ್ ನಂಬರು ಇದೆಯಾ ಅಂತ ಕೇಳಿ. ಗೇಟಿನ ಎದುರು ನಿಂತು ರಸ್ತೆಯ ಕಡೆಗೆ ಒಂದು ನಿಮಿಷದ ವಿಡಿಯೋ ಕಳಿಸಲು ಹೇಳಿ. ಲೋಕೇಶನ್ ಕಳಿಸಿ ಅಂದರೆ ಮಾತ್ರ ಜಾಗ್ರತೆ. ನನಗೆ ಒಮ್ಮೆ ಕಾಸರಗೋಡು ಕಡೆಯ ಹೆಂಚಿನ ಲೋಡು. ಪಾರ್ಟಿ ಲೋಕೇಶನ್ ಕಳಿಸಿದರು, ನಾನು ನಿಷ್ಠೆಯಿಂದ ಅದನ್ನೇ ಹಿಡಿದು ಹೋದೆ. ಕೊನೆಗೆ ಬಂದದ್ದು ಮಲ್ಲಿಗೆ ಬಳ್ಳಿ ಹಬ್ಬಿಸಿದ ಒಂದು ಮನೆಯ ಗೇಟಿಗೆ. ಅವರು ಮನೆಯಲ್ಲಿ ಊಟಕ್ಕೆ ಕೂತು ಕಳಿಸಿದ ಲೋಕೇಶನ್ ಅದು! ಒಳಗಿಂದ ಒಬ್ಬರು ಅಮ್ಮ ಬಂದು "ಹೆಂಚು ಇಲ್ಲಿಗಲ್ಲ ಮಗಾ, ಸೈಟು ಏಳು ಮೈಲು ಆಚೆ" ಅಂದರು. ತಿರುಗಿಸಲು ಪಕ್ಕದ ಮನೆಯವರ ಕಾಂಪೌಂಡಿನ ಎರಡು ಕಲ್ಲು ಕಿತ್ತು, ಅದನ್ನು ಪುನಃ ಕಟ್ಟಿಸಿಕೊಟ್ಟು ಬಂದೆ. ಹಾಗಾಗಿ "ಇಳಿಸುವ ಜಾಗದಲ್ಲಿ ನಿಂತು ಕಳಿಸಿ" ಅಂತ ಬಿಡಿಸಿ ಹೇಳಬೇಕು. ಬಂದ ಮೇಲೆ ಉಪಗ್ರಹದ ಚಿತ್ರದಲ್ಲಿ ನೋಡಿ, ಅದು ಗೋದಾಮೋ ಮನೆಯೋ ಅಂತ ತಿಳಿಯುತ್ತದೆ.

ನಿಮ್ಮ ಗಾಡಿಯ ಅಳತೆ ನಿಮಗೆ ಗೊತ್ತಿದೆಯಾ? ಬಹಳ ಜನರಿಗೆ ಗೊತ್ತಿಲ್ಲ. ಲೋಡು ಹಾಕಿ, ಟರ್ಪಾಲು ಕಟ್ಟಿ, ಹಗ್ಗ ಬಿಗಿದ ಮೇಲೆ ಒಂದು ಉದ್ದ ಬಿದಿರು ಹಿಡಿದು ಎತ್ತರ ಅಳೆಯಿರಿ. ಮೀಟರಿನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬರೆದಿಡಿ, ಯಾಕೆಂದರೆ ರೈಲ್ವೆ ಕೆಳಸೇತುವೆಯ ಬೋರ್ಡು ಮೀಟರಿನಲ್ಲಿ ಇರುತ್ತದೆ. ನಾಲ್ಕು ಮೀಟರ್ ಅಂದರೆ ಹದಿಮೂರು ಅಡಿ ಒಂದೂವರೆ ಇಂಚು. ಬೋರ್ಡನ್ನೂ ಪೂರಾ ನಂಬಬೇಡಿ. ಬೋರ್ಡು ಹಾಕಿದ ಮೇಲೆ ಎರಡು ಸಲ ಡಾಂಬರು ಬಿದ್ದಿದ್ದರೆ ಅಷ್ಟು ಎತ್ತರ ಕಡಿಮೆ ಆಗಿರುತ್ತದೆ. ಇನ್ನೊಂದು ತಮಾಷೆ: ಲೋಡಿದ್ದಾಗ ದಾಟಿದ ಕೆಳಸೇತುವೆಯಲ್ಲಿ ವಾಪಸ್ ಬರುವಾಗ ಖಾಲಿ ಗಾಡಿ ಸಿಕ್ಕಿಬೀಳಬಹುದು. ಭಾರ ಇಳಿದ ಮೇಲೆ ಸ್ಪ್ರಿಂಗಿನ ಪ್ಲೇಟು ಮೇಲೆದ್ದು ಗಾಡಿಯ ಬಾಡಿ ಕೆಲವು ಇಂಚು ಎತ್ತರ ಆಗುತ್ತದೆ. ಮುಚ್ಚಿದ ಬಾಡಿ, ಕಂಟೇನರ್ ಆದರೆ ಇದು ನಿಜಕ್ಕೂ ಆಗುವ ವಿಷಯ. ತೂಕವನ್ನು ಹೊರಡುವ ಮೊದಲೇ ವೇಬ್ರಿಡ್ಜಿನಲ್ಲಿ ನೋಡಿ. 2018ರಲ್ಲಿ ಆಕ್ಸಲ್ (ಚಕ್ರದ ಅಚ್ಚು) ಹೊರಬಹುದಾದ ತೂಕದ ಮಿತಿ ಏರಿಸಿದ್ದಾರೆ, ನಾಲ್ಕು ಟಯರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5, ಜೋಡಿ ಆಕ್ಸಲ್‌ಗೆ 19 ಇದ್ದದ್ದು 21. ಅದರ ಮೇಲೆ ಹಾಕಿದರೆ ದಂಡ 20,000 ರೂಪಾಯಿ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000. ಮಿತಿಯ ಒಳಗಿದ್ದರೂ ಹಳೆ ಸಣ್ಣ ಸೇತುವೆಯ ಮೇಲೆ ನಿಮ್ಮ 28 ಟನ್ ಭಾರವೇ.

ಕರಾವಳಿಯ ಒಳರಸ್ತೆಯಲ್ಲಿ ನಾನು ವಯರಿಗಿಂತ ಜಾಸ್ತಿ ಹೆದರುವುದು ರಸ್ತೆಯ ಅಂಚಿಗೆ. ಡಾಂಬರಿನ ಪಕ್ಕದ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಕಾಣುತ್ತದೆ. ಜೂನಿನಲ್ಲಿ ನಾಲ್ಕು ಮಳೆ ಬಿದ್ದರೆ ಒಳಗೆ ಬೆಣ್ಣೆ. ಎದುರು ಬಸ್ಸು ಬಂತು ಅಂತ ಎಡಗಡೆ ಒಂದು ಚಕ್ರ ಇಳಿಸುತ್ತೀರಿ, ಚಕ್ರ ಹೂತು ಗಾಡಿ ನಿಧಾನವಾಗಿ ತೋಡಿನ ಕಡೆ ವಾಲುತ್ತದೆ. ಮಳೆಗಾಲದಲ್ಲಿ ಹೈವೇ ಬಿಟ್ಟು ಒಳಗೆ ಹೋಗುವ ಪ್ರತಿ ಟ್ರಿಪ್ಪಿಗೂ ಈ ಲೆಕ್ಕ ಇರಲಿ.

ಘಾಟಿಗಳ ವಿಷಯ. ನಮಗೆ ಮೇಲೆ ಹತ್ತಲು ದಾರಿ ಎಷ್ಟೋ ಇದ್ದ ಹಾಗೆ ಕಾಣುತ್ತದೆ, ದೊಡ್ಡ ಗಾಡಿಗೆ ನಿಜವಾಗಿ ಇರುವುದು ಕೆಲವೇ. ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿಯೇ ಮುಖ್ಯ. ಕಾಂಕ್ರೀಟ್ ಕೆಲಸಕ್ಕೆ 2018ರಲ್ಲಿ ಅದು ತಿಂಗಳುಗಟ್ಟಲೆ ಬಂದ್ ಇತ್ತು, 2022ರ ಜುಲೈಯಲ್ಲಿ ದೋಣಿಗಾಲ್ ಹತ್ತಿರ ರಸ್ತೆ ಕುಸಿದು ಪುನಃ ತೊಂದರೆ ಆಯಿತು, 2024ರ ಜುಲೈಯಲ್ಲಿ ಗುಡ್ಡ ಬಿತ್ತು. ಚಾರ್ಮಾಡಿ 2019ರ ಭೂಕುಸಿತದ ನಂತರ ದೊಡ್ಡ ಗಾಡಿಗೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಆಗುಂಬೆ ನೀವೇ ನೋಡಿದಿರಿ. ಬಿಸಿಲೆ ಕಡೆ ತಿರುಗಿಯೂ ನೋಡಬೇಡಿ. ಸುಳ್ಯದ ಮೇಲೆ ಸಂಪಾಜೆ, ಮಡಿಕೇರಿ ದಾರಿ ಮೈಸೂರಿಗೆ ಸರಿ, ಮಳೆಗಾಲದಲ್ಲಿ ಅಲ್ಲೂ ನಿರ್ಬಂಧ ಬರುತ್ತದೆ. ನಿಮ್ಮ ತೀರ್ಥಹಳ್ಳಿಗೆ ಉಳಿದದ್ದು ಎರಡು. ಒಂದು ಕಾರ್ಕಳ, ಮಾಳ, ಶೃಂಗೇರಿ, ಕೊಪ್ಪದ ಮೇಲೆ, ಹೆದ್ದಾರಿ 169. ಇನ್ನೊಂದು ಸಿದ್ದಾಪುರ, ಹೊಸಂಗಡಿ, ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಾಟಿ, ಬಾಳೆಬರೆ ಅಂತಲೂ ಹೇಳುತ್ತಾರೆ. ಎರಡೂ ಕಾಡಿನ ನಡುವೆ. ಎರಡಕ್ಕೂ ಮಳೆಗಾಲದಲ್ಲಿ ಆ ವಾರದ ಆದೇಶ ನೋಡದೆ ಹೊರಡಬಾರದು. ಶಿವಮೊಗ್ಗದ ಆಚೆಗೆ ಲೋಡಿದ್ದರೆ ಹೊನ್ನಾವರ, ಸಾಗರದ ಮೇಲೆ ಹೆದ್ದಾರಿ 69, ಹುಬ್ಬಳ್ಳಿಗಾದರೆ ಅಂಕೋಲಾ, ಯಲ್ಲಾಪುರದ ಮೇಲೆ ಹೆದ್ದಾರಿ 52. ಸುತ್ತು ಅನಿಸುತ್ತದೆ, ಗಾಡಿ ಮುಟ್ಟುತ್ತದೆ. ಮುಂಬೈ ಕಡೆಗೆ ಇನ್ನೊಂದು ದಾರಿಯೂ ಉಂಟು. ಕೊಂಕಣ ರೈಲ್ವೆಯ ರೋರೋ, ಸುರತ್ಕಲ್‌ನಲ್ಲಿ ಲಾರಿಯನ್ನೇ ರೈಲಿಗೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಸುವುದು. ಅದಕ್ಕೂ ಎತ್ತರ, ತೂಕದ ಮಿತಿ ಉಂಟು, ರೈಲಿಗೆ ಕಾಯಬೇಕು. ಟಯರು, ಡೀಸೆಲ್ ಉಳಿಯುತ್ತದೆ, ಡ್ರೈವರ್‌ಗೆ ನಿದ್ದೆಯೂ ಸಿಗುತ್ತದೆ.

ಬಂದ್ ಆಗಿದೆಯಾ ಇಲ್ಲವಾ ಅಂತ ತಿಳಿಯಲು ವಾಟ್ಸಾಪ್ ಗ್ರೂಪನ್ನು ನಂಬಿದರೆ ಕೆಟ್ಟಿರಿ. ಪ್ರತಿ ಮಳೆಗಾಲಕ್ಕೂ ಹಳೆಯ ಶಿರಾಡಿ ವಿಡಿಯೋ ಹೊಸದಾಗಿ ಓಡುತ್ತದೆ. ಜಿಲ್ಲಾಧಿಕಾರಿಯ ಆದೇಶದ ಪ್ರತಿಯಲ್ಲಿ ದಿನಾಂಕ, ಯಾವ ವರ್ಗದ ಗಾಡಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಅಂತ ಬರೆದಿರುತ್ತದೆ, ಅದನ್ನು ಓದಿ. "ಘನ ವಾಹನ ನಿಷೇಧ" ಅಂದರೆ ನೀವು ಅಂತ ಅರ್ಥ, ಆರು ಚಕ್ರದವರಿಗೆ ಬಿಟ್ಟರು ಅಂತ ನೀವೂ ಹಿಂದೆ ಹೋಗಬೇಡಿ. ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಮಿಗೆ 1077, ರಾಷ್ಟ್ರೀಯ ಹೆದ್ದಾರಿಯ ಸಹಾಯಕ್ಕೆ 1033. ನಾನು ಇದರ ಜೊತೆ ಉಪ್ಪಿನಂಗಡಿಯ ಒಬ್ಬ ಟಯರ್ ಅಂಗಡಿಯವರಿಗೆ, ಸಕಲೇಶಪುರದ ಒಂದು ಬಂಕಿಗೆ ಫೋನು ಹಾಕುತ್ತೇನೆ. ಕೆಳಗಿಂದ ಹೋದ ಗಾಡಿ ಮೇಲೆ ಬರುತ್ತಾ ಇದೆಯಾ ಅಂತ ಬಂಕಿನ ಹುಡುಗ ಕಣ್ಣಲ್ಲಿ ನೋಡಿ ಹೇಳುತ್ತಾನೆ. ನೀವು ಹೋಗುವ ದಾರಿಯಲ್ಲೂ ಇಂಥ ನಾಲ್ಕು ನಂಬರು ಮಾಡಿಕೊಳ್ಳಿ. ಚಾ ಕುಡಿದಾಗ ಸುಮ್ನೆ ಎದ್ದು ಬರಬೇಡಿ, ನಂಬರು ಕೇಳಿ ಬನ್ನಿ.

ಎಲ್ಲಿ ನಿಲ್ಲಿಸುವುದು ಅನ್ನುವುದೂ ರೂಟಿನೊಳಗೇ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದದ್ದು ನಿಮಗೂ ನೆನಪಿರಬಹುದು. ಅಲ್ಲಿ ಚಾ ಅಂಗಡಿ ಇತ್ತು, ಗಾಡಿಯವರು ನಿಲ್ಲಿಸುವ ಜಾಗ. ಅಲ್ಲಿದ್ದ ಕೇರಳದ ಲಾರಿ ಗಂಗಾವಳಿ ನದಿಯಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದ ಮೇಲೆ. ಆ ಚಾ ಅಂಗಡಿಯಲ್ಲಿ ನಾನೂ ಕೂತವನು. ಮಳೆಗಾಲದಲ್ಲಿ ಗುಡ್ಡ ನೇರ ಕಡಿದ ಜಾಗದ ಕೆಳಗೆ ಗಾಡಿ ಹಾಕಿ ಮಲಗಬೇಡಿ, ಎಷ್ಟು ನಿದ್ದೆ ಬಂದರೂ ಸರಿ. ರೂಟು ಹಾಕುವಾಗಲೇ ಘಾಟಿಗೆ ಮೊದಲು ಎಲ್ಲಿ ಮಲಗುವುದು, ಘಾಟಿ ದಾಟಿ ಎಲ್ಲಿ, ಅಂತ ಎರಡು ಬಂಕು ಗುರುತು ಮಾಡಿ.

ಮಾಲೀಕರ ಮಗ ಹೇಳಿದ ಲಾರಿ ಆಪು ಕೆಟ್ಟದ್ದಲ್ಲ. ಎತ್ತರ, ತೂಕ, ಆಕ್ಸಲ್ ಕೊಟ್ಟರೆ ಅದಕ್ಕೆ ತಕ್ಕ ದಾರಿ ಹಾಕುತ್ತದೆ. ದೊಡ್ಡ ಹೆದ್ದಾರಿಯಲ್ಲಿ, ಹೊರ ರಾಜ್ಯದಲ್ಲಿ, ಗೊತ್ತಿಲ್ಲದ ಊರಿನ ಬೈಪಾಸಿನಲ್ಲಿ ಉಪಯೋಗ ಆಗುತ್ತದೆ. ಆದರೆ ನಮ್ಮ ಪಂಚಾಯತ್ ರಸ್ತೆಯ ವಯರು ಎಷ್ಟು ಎತ್ತರ ಅಂತ ಯಾರೂ ಅಳೆದು ಅದಕ್ಕೆ ಕೊಟ್ಟಿಲ್ಲ. ನಿನ್ನೆ ಸಂಜೆ ಬಂದ ನಿಷೇಧ ಅದರಲ್ಲಿ ಇವತ್ತು ಇರುತ್ತದೆ ಅನ್ನಲೂ ಆಗುವುದಿಲ್ಲ. ವರ್ಷದ ದುಡ್ಡು ಕಟ್ಟುವ ಮೊದಲು ಪರೀಕ್ಷೆ ಮಾಡಿ: ನಿಮ್ಮ ಗಾಡಿಯ ಅಳತೆ ಕೊಟ್ಟು ಉಡುಪಿಯಿಂದ ತೀರ್ಥಹಳ್ಳಿಗೆ ದಾರಿ ಕೇಳಿ. ಆಗುಂಬೆ ತೋರಿಸಿತೋ, ದುಡ್ಡು ಜೇಬಿನಲ್ಲೇ ಇರಲಿ. ಹಿರಿಯರ ಬಾಯಿದಾರಿ ಇದಕ್ಕಿಂತ ಗಟ್ಟಿ, ಅದಕ್ಕೂ ವಯಸ್ಸಾಗುತ್ತದೆ. ಹತ್ತು ವರ್ಷದ ಹಿಂದೆ ಹೋದ ರಸ್ತೆಯಲ್ಲಿ ಈಗ ಎತ್ತರದ ಗಾಡಿ ತಡೆಯುವ ಹೈಟ್ ಗೇಜು ಹಾಕಿರಬಹುದು, ಸೇತುವೆಗೆ ಘನ ವಾಹನ ಬೇಡ ಅಂತ ಬೋರ್ಡು ಬಂದಿರಬಹುದು. "ನೀವು ಕೊನೆಗೆ ಹೋದದ್ದು ಯಾವಾಗ?" ಅಂತ ಅವರನ್ನೂ ಕೇಳಿ, ಬೈದರೆ ಬೈಸಿಕೊಳ್ಳಿ.

ಕೆಲವು ಜಾಗಕ್ಕೆ ಯಾವ ದಾರಿಯೂ ಇರುವುದಿಲ್ಲ. ಆಗ ಮೇನ್ ರೋಡಿನ ಹತ್ತಿರ ನಿಲ್ಲಿಸಿ ನಿಮ್ಮ ಹಳೆ ಟೆಂಪೋದಂಥ ಗಾಡಿಗೆ ಮಾಲು ದಾಟಿಸಬೇಕು. ಖರ್ಚು ಯಾರದ್ದು ಅಂತ ಲೋಡು ಆಗುವ ಮೊದಲು ಮಾತಾಡಬೇಕು. ಗೇಟಿನ ಎದುರು ನಿಂತು ಮಾತಾಡಿದರೆ ಖರ್ಚು ಯಾವಾಗಲೂ ಡ್ರೈವರದ್ದೇ.

ಕೊನೆಗೆ ಆ ಡೀಸೆಲ್ ದುಡ್ಡು. ಹತ್ತಿರದ ದಾರಿ ಅಂದರೆ ಉಳಿತಾಯ ಅಂತ ಮಾಲೀಕರ ತಲೆಯಲ್ಲಿ ಕೂತಿದೆ, ಅದನ್ನು ಲೆಕ್ಕದಲ್ಲೇ ತೋರಿಸಿ. ನಮ್ಮ ಹತ್ತು ಚಕ್ರದ ಗಾಡಿಗಳು ಲೋಡಿನಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರ್ ಆಸುಪಾಸು ಕೊಡುತ್ತವೆ, ಘಾಟಿಯಲ್ಲಿ ಅದರ ಅರ್ಧ. ಮೂವತ್ತು ಕಿಲೋಮೀಟರ್ ಉಳಿಸಿದರೆ ಏಳೆಂಟು ಲೀಟರ್. ಕಲ್ಲಿನ ಅಂಚಿಗೆ ಉಜ್ಜಿ ಒಂದು ಟಯರಿನ ಪಕ್ಕೆ ಹರಿದರೆ ಅಂಥ ಇಪ್ಪತ್ತು ಟ್ರಿಪ್ಪಿನ ಉಳಿತಾಯ ಹೋಯಿತು. ಮುಂದಿನ ಸಲದಿಂದ ಹೊರಡುವ ಮೊದಲು ಮಾಲೀಕರಿಗೆ ಒಂದು ವಾಟ್ಸಾಪ್ ಹಾಕಿ: "ಇಂಥ ದಾರಿಯಲ್ಲಿ ಹೋಗುತ್ತೇನೆ, ಇಷ್ಟು ಕಿಲೋಮೀಟರ್, ಇಷ್ಟು ಹೊತ್ತು, ಇಂಥಲ್ಲಿ ನಿಲ್ಲಿಸುತ್ತೇನೆ." ಅವರು ಬೇರೆ ದಾರಿ ಹೇಳಿದರೆ ಅದನ್ನೂ ಬರೆದೇ ಹೇಳಲಿ. ಬರೆದು ಹೇಳಿದ ದಾರಿಯ ಡೀಸೆಲ್ಲನ್ನು ಬಾಟಾದಲ್ಲಿ ಹಿಡಿಯಲು ಅವರಿಗೂ ಮನಸ್ಸು ಬರುವುದಿಲ್ಲ. ಹೋದ ತಿಂಗಳದ್ದು ಬಿಟ್ಟುಬಿಡಿ, ಅದು ವಾಪಸ್ ಬರಲಿಕ್ಕಿಲ್ಲ. ಆ ಕಾರ್ಕಳದ ಗೋದಾಮಿನವರಿಗೆ ಮಾತ್ರ ಇವತ್ತೇ ಫೋನು ಮಾಡಿ, ವಯರು ಎತ್ತಿಸಲು ಕರೆಂಟಿನ ಕಂಪನಿ ಮೆಸ್ಕಾಂನವರಿಗೆ ಒಂದು ಅರ್ಜಿ ಕೊಡಲಿ. ಮುಂದಿನ ವಾರ ಅಲ್ಲಿಗೆ ಇನ್ನೊಬ್ಬ ಹೋಗುವವನಿದ್ದಾನೆ, ಅವನೂ ರಿಕ್ಷಾ ಪಾರ್ಕಿನಲ್ಲೇ ಕೇಳುತ್ತಾನೆ.